ಹಿಮ ಬಿರುಗಾಳಿ: ಅಪಾಯ ಮನೆಯೊಳಗೂ ಇದೆ

ಮಗಳ ಬಾಣಂತನ ಕಾಲ ನೋಡಿಕೊಂಡು ಬರುವುದಿಲ್ಲ. ಬೇಸಿಗೆಯಲ್ಲಿ ಅಮೆರಿಕಕ್ಕೆ ಹೋಗಿ, ಅಲ್ಲಿ ಎಲೆ ಉದುರುವ ಹೊತ್ತಿಗೆ ಊರಿಗೆ ಹಿಂದಿರುಗುವುದು ನಮ್ಮ ಹಿರಿಯರ ರೂಢಿ. ಆದರೆ ಹೆರಿಗೆಯ ದಿನ ಡಿಸೆಂಬರಿನಲ್ಲೋ ಜನವರಿಯಲ್ಲೋ ಬಿದ್ದರೆ ತಾಯಿ-ತಂದೆ ಕೊರೆಯುವ ಚಳಿಗಾಲದಲ್ಲೇ ವಿಮಾನ ಹತ್ತಬೇಕಾಗುತ್ತದೆ. ಆಗ ಮನೆಮಂದಿಯೆಲ್ಲ ಸೇರಿ ನಡೆಸುವ ಸಿದ್ಧತೆಯನ್ನು ಗಮನಿಸಿ. ಬಾಣಂತಿ ಲೇಹ್ಯ, ಚಟ್ನಿಪುಡಿ, ಸಾರಿನ ಪುಡಿ, ಮಗುವಿಗೆಂದು ಹಳೆಯ ಹತ್ತಿ ಸೀರೆಯ ಮೆತ್ತನೆಯ ತುಂಡುಗಳು. ಜೊತೆಗೆ ಎರಡು ಸ್ವೆಟರು, ಒಂದು ಶಾಲು, ಒಂದು ಮಂಕಿ ಟೋಪಿ. ಚಳಿಯ ವಿಚಾರ ಅಲ್ಲಿಗೆ ಮುಗಿಯಿತು. ‘ಹೊರಗೆ ಎಷ್ಟು ಚಳಿಯಿದ್ದರೇನು, ಮನೆಯೊಳಗೆ ಹೀಟರ್ ಇರುತ್ತದಲ್ಲ’ ಎಂಬ ಸಮಾಧಾನ ಬೇರೆ.

ಹೀಟರ್ ಇರುತ್ತದೆ, ನಿಜ. ಕರೆಂಟ್ ಇರುವವರೆಗೆ. ಅಲ್ಲಿನ ಬಹಳಷ್ಟು ಮನೆಗಳಲ್ಲಿ ಬಿಸಿಗಾಳಿ ಬರುವುದು ಗ್ಯಾಸಿನ ಕುಲುಮೆಯಿಂದ. ಗ್ಯಾಸಿಗೂ ಕರೆಂಟಿಗೂ ಏನು ಸಂಬಂಧ ಎಂದು ಅಲ್ಲೇ ಹತ್ತು ವರ್ಷ ಇದ್ದವರೂ ಕೇಳುವುದುಂಟು. ಬಿಸಿಯಾದ ಗಾಳಿಯನ್ನು ಕೋಣೆಗಳಿಗೆ ತಳ್ಳುವ ಫ್ಯಾನು ಮತ್ತು ಅದರ ನಿಯಂತ್ರಣ ಎರಡೂ ವಿದ್ಯುತ್ತಿನಿಂದಲೇ ನಡೆಯುತ್ತವೆ. ತಂತಿ ಹರಿದು ಕತ್ತಲಾದರೆ ಗ್ಯಾಸ್ ಇದ್ದೂ ಮನೆ ತಣ್ಣಗಾಗುತ್ತದೆ. ಹಿಮ ಬಿರುಗಾಳಿಯ ಬಗ್ಗೆ ನಮ್ಮವರು ಮೊದಲು ತಿಳಿಯಬೇಕಾದ ಸಂಗತಿ ಇದು. ಏಕೆಂದರೆ ಈ ಬಿರುಗಾಳಿಗಳಲ್ಲಿ ಜೀವ ಕಳೆದುಕೊಳ್ಳುವವರೆಲ್ಲ ಬಯಲಿನಲ್ಲಿ ಹಿಮದಡಿ ಸಿಕ್ಕಿಬಿದ್ದವರಲ್ಲ. ಮನೆಯೊಳಗೆ, ಕಾರಿನೊಳಗೆ, ಮನೆಯ ಮುಂದಿನ ಕಾಲುದಾರಿಯಲ್ಲಿ ಸಾಯುವವರೇ ಹೆಚ್ಚು. ಅವರಲ್ಲಿ ಅನೇಕರನ್ನು ಉಳಿಸಬಹುದಿತ್ತು ಎಂಬುದೇ ಈ ಬಗ್ಗೆ ಬರೆಯಲು ಕಾರಣ.

2021ರ ಫೆಬ್ರುವರಿಯ ಟೆಕ್ಸಸ್ ರಾಜ್ಯವನ್ನೇ ನೋಡಿ. ಅದು ಬಿಸಿಲಿನ ನಾಡು. ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ನಗರಗಳಲ್ಲಿ ಕನ್ನಡ ಕುಟುಂಬಗಳು ಸಾಕಷ್ಟಿವೆ. ‘ನಮ್ಮೂರಿನ ಹವೆಯಂತೆಯೇ ಇದೆ’ ಎಂದು ಅಲ್ಲಿ ನೆಲೆಸಿದವರೂ ಇದ್ದಾರೆ. ಆ ತಿಂಗಳ 16ರಂದು ಡಲ್ಲಾಸಿನ ಉಷ್ಣಾಂಶ ಸೊನ್ನೆಗಿಂತ 19 ಡಿಗ್ರಿ ಸೆಲ್ಸಿಯಸ್ ಕೆಳಗಿಳಿಯಿತು. ಅಷ್ಟು ಚಳಿಗೆ ಸಜ್ಜಾಗಿರದ ವಿದ್ಯುತ್ ಸ್ಥಾವರಗಳೂ ಅನಿಲ ಕೊಳವೆಗಳೂ ಕೈಕೊಟ್ಟವು. 40 ಲಕ್ಷಕ್ಕೂ ಹೆಚ್ಚು ಮನೆಗಳು ಕತ್ತಲಲ್ಲಿ ಮುಳುಗಿದವು, ಕೆಲವು ದಿನಗಟ್ಟಲೆ. ರಾಜ್ಯದ ಆರೋಗ್ಯ ಇಲಾಖೆ ಕೊಟ್ಟ ಅಂತಿಮ ಲೆಕ್ಕದಂತೆ ಸತ್ತವರು 246 ಮಂದಿ. ಅವರಲ್ಲಿ ಮೂರರಲ್ಲಿ ಎರಡು ಪಾಲು ಜನ ಚಳಿಯಿಂದಲೇ ಸತ್ತರು. ಅನೇಕರು ಸತ್ತದ್ದು ತಮ್ಮ ಸ್ವಂತ ಮನೆಯಲ್ಲಿ. ನೂರಾರು ಜನ ಹೊಗೆಯ ವಿಷವೇರಿ ಆಸ್ಪತ್ರೆಗೆ ಬಂದರು.

ಮರುವರ್ಷ, 2022ರ ಕ್ರಿಸ್ಮಸ್ ಸಮಯಕ್ಕೆ, ನ್ಯೂಯಾರ್ಕ್ ರಾಜ್ಯದ ಬಫಲೋ ನಗರದ ಸರದಿ. ಟೆಕ್ಸಸ್‌ನಂತೆ ಇದು ಹಿಮಕ್ಕೆ ಹೊಸಬರ ಊರಲ್ಲ. ಆಳೆತ್ತರದ ಹಿಮ ಕಂಡ ಊರು. ಹವಾಮಾನ ಇಲಾಖೆ ದಿನಗಳ ಮೊದಲೇ ಎಚ್ಚರಿಸಿತ್ತು. ಹೀಗಿದ್ದೂ ಆ ಜಿಲ್ಲೆಯಲ್ಲಿ 40ಕ್ಕೂ ಹೆಚ್ಚು ಜನ ಸತ್ತರು. ವಾಹನ ಸಂಚಾರ ನಿಷೇಧದ ಆಜ್ಞೆ ಹೊರಬಿದ್ದದ್ದು ಡಿಸೆಂಬರ್ 23ರ ಶುಕ್ರವಾರ ಬೆಳಿಗ್ಗೆ, ಜಾರಿಗೆ ಬಂದದ್ದು ಒಂಬತ್ತೂವರೆಗೆ. ಅಷ್ಟರಲ್ಲಿ ಅನೇಕರು ಕೆಲಸಕ್ಕೆ ಹೊರಟಾಗಿತ್ತು. ಒಂದೂವರೆ ದಿನ ಎಡೆಬಿಡದೆ ಬೀಸಿದ ಗಾಳಿಯಲ್ಲಿ ಆಂಬುಲೆನ್ಸ್‌ಗಳೇ ಹಿಮದಲ್ಲಿ ಹೂತುಹೋದವು. ಕೆಲವರು ಕಾರಿನಲ್ಲಿ, ಕೆಲವರು ಬೀದಿಯಲ್ಲಿ, ಕೆಲವರು ಕಾವಿಲ್ಲದ ಮನೆಯಲ್ಲಿ, ಇನ್ನು ಕೆಲವರು ಎದೆನೋವು ಬಂದು ಸಹಾಯ ತಲುಪದೆ ಕೊನೆಯುಸಿರೆಳೆದರು. ಸತ್ತವರಲ್ಲಿ ಕರಿಯರ ಸಂಖ್ಯೆ ಅವರ ಜನಸಂಖ್ಯೆಯ ಪ್ರಮಾಣಕ್ಕಿಂತ ಹೆಚ್ಚಾಗಿತ್ತು ಎಂಬುದನ್ನೂ ಹೇಳಬೇಕು. ರಜೆ ಹಾಕಿದರೆ ಸಂಬಳ ಹೋಗುವವನಿಗೆ ‘ಮನೆಯಲ್ಲಿರಿ’ ಎಂಬ ಉಪದೇಶ ಅಗ್ಗದ ಮಾತು. ಆಡಳಿತ ನಿಷೇಧವನ್ನು ಹಿಂದಿನ ರಾತ್ರಿಯೇ ಹೊರಡಿಸಿದ್ದರೆ ಮಾಲೀಕರು ಅಂಗಡಿ-ಕಾರ್ಖಾನೆ ಮುಚ್ಚಲೇಬೇಕಾಗುತ್ತಿತ್ತು.

ಸರ್ಕಾರ ಮಾಡಬೇಕಾದ್ದು ಸರ್ಕಾರಕ್ಕೆ. ಮನೆ ಮಾಡಬೇಕಾದ್ದನ್ನು ನೋಡೋಣ.

ಮೊದಲಿಗೆ ಚಳಿ ದೇಹಕ್ಕೆ ಏನು ಮಾಡುತ್ತದೆ ಎಂಬುದು ತಿಳಿದಿರಬೇಕು. ನಮ್ಮ ಒಳಮೈಯ ಶಾಖ ಸುಮಾರು 37 ಡಿಗ್ರಿ. ಅದು 35ಕ್ಕಿಂತ ಕೆಳಗಿಳಿದರೆ ಅದೇ ‘ಹೈಪೊಥರ್ಮಿಯಾ’, ಅಂದರೆ ಒಳಮೈಯೇ ತಣ್ಣಗಾಗುವ ಸ್ಥಿತಿ. ಎರಡೇ ಡಿಗ್ರಿಯ ವ್ಯತ್ಯಾಸ ನೋಡಿ! ಮೊದಲು ನಡುಕ ಬರುತ್ತದೆ. ಇದು ಒಳ್ಳೆಯ ಲಕ್ಷಣ. ಸ್ನಾಯುಗಳು ಅಲುಗಾಡಿ ಶಾಖ ಹುಟ್ಟಿಸುತ್ತಿವೆ ಎಂದರ್ಥ. ಚಳಿ ಇನ್ನೂ ಏರಿದಾಗ ಕೈ ತಡವರಿಸುತ್ತದೆ, ಮಾತು ತೊದಲುತ್ತದೆ, ಮಂಪರು ಕವಿಯುತ್ತದೆ, ಬುದ್ಧಿ ಮಂಕಾಗುತ್ತದೆ. ನಡುಕ ನಿಂತಿತೆಂದರೆ ಚಳಿ ಬಿಟ್ಟಿತೆಂದಲ್ಲ, ಅಪಾಯ ಹೆಚ್ಚಿತು ಎಂದು ತಿಳಿಯಬೇಕು. ಈ ಹಂತದಲ್ಲಿ ಕೆಲವರು ಮೈ ಉರಿಯುತ್ತಿದೆ ಎಂದು ಬಟ್ಟೆ ಕಿತ್ತೆಸೆಯುವುದೂ ಉಂಟು. ಬುದ್ಧಿಯೇ ಮಂಕಾಗುವುದರಿಂದ ತನಗೇನಾಗುತ್ತಿದೆ ಎಂಬುದು ರೋಗಿಗೆ ಗೊತ್ತಾಗುವುದಿಲ್ಲ. ಪಕ್ಕದಲ್ಲಿದ್ದವರೇ ಗುರುತಿಸಬೇಕು.

ವಯಸ್ಸಾದವರಲ್ಲಿ ಈ ನಡುಕವೇ ಕಡಿಮೆ. ಚರ್ಮದಡಿಯ ಕೊಬ್ಬೂ ಮಾಂಸಖಂಡವೂ ಕರಗಿರುತ್ತವೆ. ಥೈರಾಯ್ಡ್ ಕಡಿಮೆಯಿದ್ದವರಿಗೆ ಶಾಖ ಹುಟ್ಟುವುದೇ ನಿಧಾನ. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರಿಗೆ ಕಾಲು ಹೆಪ್ಪುಗಟ್ಟುತ್ತಿದ್ದರೂ ಅರಿವಾಗದು. ನಿದ್ರೆ ಮಾತ್ರೆ, ಕೆಲವು ರಕ್ತದೊತ್ತಡದ ಮಾತ್ರೆಗಳೂ ಚಳಿಯನ್ನು ಎದುರಿಸುವ ಶಕ್ತಿಯನ್ನು ಕುಗ್ಗಿಸುತ್ತವೆ. ಹೀಗಾಗಿ ವೃದ್ಧರಿಗೆ ಹಿಮದಲ್ಲಿ ನಿಂತೇ ಹೈಪೊಥರ್ಮಿಯಾ ಆಗಬೇಕೆಂದಿಲ್ಲ. ಮನೆಯೊಳಗಿನ ಉಷ್ಣಾಂಶ 15ರಿಂದ 18 ಡಿಗ್ರಿಯಲ್ಲಿ ದೀರ್ಘಕಾಲ ನಿಂತರೂ ಸಾಕು. ನಮ್ಮ ಹಿರಿಯರದು ಇನ್ನೊಂದು ಗುಣ. ಮಗ-ಸೊಸೆ ಕೆಲಸಕ್ಕೆ ಹೋದ ಮೇಲೆ ‘ಸುಮ್ಮನೆ ಬಿಲ್ ಯಾಕೆ ಏರಿಸುವುದು’ ಎಂದು ಹೀಟರನ್ನು ತಗ್ಗಿಸಿ ಶಾಲು ಹೊದ್ದು ಕೂರುತ್ತಾರೆ. ಚಳಿಯಾಗುತ್ತಿದೆ ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಈ ಮಿತವ್ಯಯ ಅಲ್ಲಿ ಸಲ್ಲದು. ಅಲ್ಲಿನ ಹೀಟರುಗಳು ಫ್ಯಾರನ್‌ಹೀಟ್ ಲೆಕ್ಕದಲ್ಲಿರುತ್ತವೆ: 68 ಎಂದರೆ ನಮ್ಮ 20 ಡಿಗ್ರಿ. ಹಿರಿಯರು ಇರುವ ಮನೆಯಲ್ಲಿ ಅದಕ್ಕಿಂತ ಕೆಳಗೆ ಇಳಿಸಬಾರದು ಎಂಬುದನ್ನು ಮಕ್ಕಳೇ ಗೋಡೆಯ ಮೇಲೆ ಬರೆದು ಅಂಟಿಸಲಿ.

ಹಸುಗೂಸಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಅದಕ್ಕೆ ನಡುಗಿ ಶಾಖ ಹುಟ್ಟಿಸಿಕೊಳ್ಳಲು ಬಾರದು. ಮೈ ತಣ್ಣಗಿದ್ದು, ಚರ್ಮ ಕೆಂಪೇರಿ, ಹಾಲು ಕುಡಿಯಲೂ ಚೈತನ್ಯವಿಲ್ಲದೆ ಸೋತುಬಿದ್ದರೆ ತಡಮಾಡದೆ 911ಕ್ಕೆ ಕರೆ ಮಾಡಬೇಕು. ಈ ಸಂಖ್ಯೆಯೂ, ಮನೆಯ ಪೂರ್ಣ ವಿಳಾಸವೂ ಅಜ್ಜಿ-ತಾತಂದಿರಿಗೆ ಬಾಯಿಪಾಠವಾಗಿರಲಿ. ಇಂಗ್ಲಿಷ್ ತಡವರಿಸಿದರೆ ಚಿಂತೆಯಿಲ್ಲ. ‘ಕನ್ನಡ’ ಎಂದರೆ ದುಭಾಷಿಯನ್ನು ಹುಡುಕುವ ವ್ಯವಸ್ಥೆ ಅಲ್ಲಿದೆ. ಆದರೆ ವಿಳಾಸ ಮೊದಲು ಹೇಳಬೇಕು.

ಮೈ ತಣ್ಣಗಾದವರಿಗೆ ಮಾಡಬೇಕಾದ ಉಪಚಾರ ಸರಳ. ಒದ್ದೆ ಬಟ್ಟೆ ತೆಗೆದು ಒಣಬಟ್ಟೆ, ಕಂಬಳಿ ಸುತ್ತಬೇಕು. ಕೈಕಾಲು ತಿಕ್ಕುವುದಲ್ಲ, ಎದೆ, ಕತ್ತು, ತಲೆ, ತೊಡೆಯ ಸಂದು ಮೊದಲು ಬೆಚ್ಚಗಾಗಬೇಕು. ಎಚ್ಚರವಿದ್ದರೆ ಬಿಸಿ ಹಾಲು, ಗಂಜಿ ಕೊಡಬಹುದು. ಬ್ರಾಂದಿ ಕೂಡದು. ‘ಚಳಿಗೆ ಒಂದು ಪೆಗ್’ ಎಂಬುದು ಹಳೆಯ ನಂಬಿಕೆ. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಒಳಗಿನ ಶಾಖವನ್ನು ಹೊರಕ್ಕೆ ಚೆಲ್ಲುತ್ತದೆ. ಬೆಚ್ಚಗಾದಂತೆ ಅನಿಸುವುದು ಚರ್ಮಕ್ಕೆ ಮಾತ್ರ. ಬೆರಳು, ಕಿವಿ, ಮೂಗಿನ ತುದಿ ಮರಗಟ್ಟಿ, ಬಣ್ಣ ಬೂದಿಯಂತೆ ಬಿಳಿಚಿ, ಮುಟ್ಟಿದರೆ ಮೇಣದಂತೆ ಗಟ್ಟಿಯಾಗಿದ್ದರೆ ಅಲ್ಲಿ ಹಿಮ ಕಡಿದಿದೆ ಎಂದರ್ಥ. ನಮ್ಮ ಗೋಧಿ ಬಣ್ಣದ, ಕಪ್ಪು ಬಣ್ಣದ ಚರ್ಮದಲ್ಲಿ ಈ ಬಿಳಿಚಿಕೆ ಥಟ್ಟನೆ ಕಾಣದು, ಬೂದು ಛಾಯೆ ಅಷ್ಟೇ ಕಾಣಬಹುದು. ತಿಕ್ಕಬೇಡಿ, ಕೆಂಡಕ್ಕೆ ಹಿಡಿಯಬೇಡಿ. ಕೈಗೆ ಹಿತವೆನಿಸುವಷ್ಟು ಬೆಚ್ಚನೆಯ ನೀರಿನಲ್ಲಿ ಅದ್ದಿ, ವೈದ್ಯರನ್ನು ಕಾಣಿ.

ಇನ್ನು ಹೊಗೆಯ ಮಾತು. ಕರೆಂಟ್ ಹೋಗಿ ಮನೆ ಹೆಪ್ಪುಗಟ್ಟುತ್ತಿರುವಾಗ ಮನುಷ್ಯನಿಗೆ ಬೆಂಕಿಯ ನೆನಪಾಗುವುದು ಸಹಜ. ಮಲೆನಾಡಿನಲ್ಲಿ ಅಗ್ಗಿಷ್ಟಿಕೆ ಕಾಯಿಸಿ ಬೆಳೆದವರಿಗಂತೂ ಅದು ಬಾಲ್ಯದ ಸುಖ. ಆದರೆ ಸಂದುಗೊಂದಿ ತುಂಬಿದ ಹೆಂಚಿನ ಮನೆಗೂ, ಗಾಳಿ ನುಸುಳದಂತೆ ಮುಚ್ಚಿದ ಅಮೆರಿಕದ ಮನೆಗೂ ಅಜಗಜಾಂತರ. ಹಿತ್ತಲಲ್ಲಿ ಬಳಸುವ ಇದ್ದಿಲ ಒಲೆಯನ್ನು ಒಳಗೆ ತರುವುದು, ಗ್ಯಾರೇಜಿನಲ್ಲಿ ಜನರೇಟರ್ ಓಡಿಸುವುದು, ಕಾರನ್ನು ಗ್ಯಾರೇಜಿನಲ್ಲೇ ಚಾಲೂ ಮಾಡಿ ಒಳಗೆ ಕೂರುವುದು, ಅಡುಗೆಯ ಗ್ಯಾಸ್ ಒಲೆಯನ್ನು ಗಂಟೆಗಟ್ಟಲೆ ಹಚ್ಚಿ ಕೋಣೆ ಕಾಯಿಸುವುದು: ಟೆಕ್ಸಸ್‌ನಲ್ಲಿ ಆಸ್ಪತ್ರೆ ಸೇರಿದವರು ಮಾಡಿದ್ದು ಇಂಥವನ್ನೇ. ಉರಿಯುವಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕಣ್ಣಿಗೆ ಹೊಗೆ ಕಾಣಲೇಬೇಕೆಂದಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಂಡು, ಉಸಿರಾಡುತ್ತಿದ್ದರೂ ದೇಹ ಉಸಿರುಗಟ್ಟುವಂತೆ ಮಾಡುತ್ತದೆ. ನಮ್ಮಲ್ಲೂ ಚಳಿಗಾಲದಲ್ಲಿ ಮುಚ್ಚಿದ ಕೋಣೆಯಲ್ಲಿ ಇದ್ದಿಲ ಕೆಂಡವಿಟ್ಟುಕೊಂಡು ಮಲಗಿ ಬೆಳಿಗ್ಗೆ ಏಳದೇ ಹೋದವರ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ಅಲ್ಲಿಯೂ ಕೊಲ್ಲುವುದು ಇದೇ ಅನಿಲ.

ತಲೆನೋವು, ತಲೆಸುತ್ತು, ವಾಕರಿಕೆ, ನಿಶ್ಶಕ್ತಿ. ಫ್ಲೂ ಬಂದಂತೆಯೇ ಇರುತ್ತದೆ, ಜ್ವರ ಮಾತ್ರ ಇಲ್ಲ. ಮನೆಯ ಇಬ್ಬರು ಮೂವರಿಗೆ ಒಟ್ಟಿಗೇ ಹೀಗಾದರೆ ಬೇರೆ ಯೋಚನೆ ಬೇಡ: ಎಲ್ಲರೂ ಹೊರಗೆ ಬಂದು 911ಕ್ಕೆ ತಿಳಿಸಬೇಕು. ಕೋವಿಡ್ ಕಾಲದಲ್ಲಿ ಎಲ್ಲರ ಮನೆಗೂ ಬಂದ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಇಲ್ಲಿ ಮೋಸ ಮಾಡುತ್ತದೆ. ಈ ಅನಿಲ ತುಂಬಿದ ರಕ್ತವನ್ನೂ ಅದು ಆಮ್ಲಜನಕ ತುಂಬಿದ ರಕ್ತವೆಂದೇ ಓದಿ 98, 99 ಎಂದು ತೋರಿಸಬಹುದು. ಅದನ್ನು ನಂಬಿ ಮಲಗಬೇಡಿ. ಪ್ರತಿ ಅಂತಸ್ತಿನಲ್ಲೂ ಬ್ಯಾಟರಿಯಿಂದ ನಡೆಯುವ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇರಬೇಕು. ಜನರೇಟರ್ ಮನೆಯಿಂದ ಕನಿಷ್ಠ 20 ಅಡಿ ದೂರ, ಬಾಗಿಲು-ಕಿಟಕಿಗಳಿಗೆ ಬೆನ್ನು ಮಾಡಿ ನಿಲ್ಲಬೇಕು. ಇನ್ನೊಂದು ಸೂಕ್ಷ್ಮವಿದೆ. ಹೊಸ ಮಾದರಿಯ ಕುಲುಮೆಗಳ ಹೊಗೆ ಹೊರಹೋಗುವ ಕೊಳವೆ ಮನೆಯ ಪಕ್ಕದ ಗೋಡೆಯಲ್ಲಿ, ನೆಲದಿಂದ ಸ್ವಲ್ಪವೇ ಎತ್ತರದಲ್ಲಿರುತ್ತದೆ. ಹಿಮ ರಾಶಿಬಿದ್ದು ಅದು ಮುಚ್ಚಿಹೋದರೆ ಹೊಗೆ ಒಳಗೇ ತಿರುಗುತ್ತದೆ. ಆ ಕೊಳವೆ ಎಲ್ಲಿದೆ ಎಂಬುದನ್ನು ಬಿಸಿಲಿರುವಾಗಲೇ ನೋಡಿಟ್ಟುಕೊಳ್ಳಬೇಕು.

ಬಿರುಗಾಳಿ ನಿಂತು ಬಿಸಿಲು ಬಿದ್ದ ಬೆಳಿಗ್ಗೆ ಮತ್ತೊಂದು ಗಂಡಾಂತರ ಕಾದಿರುತ್ತದೆ. ಮನೆ ಮುಂದಿನ ಹಿಮವನ್ನು ಸಲಿಕೆಯಿಂದ ಎತ್ತಿ ಹಾಕುವುದು ವ್ಯಾಯಾಮದಂತೆ ಕಂಡರೂ ಹೃದಯಕ್ಕೆ ಅದೊಂದು ಪರೀಕ್ಷೆ. ಚಳಿಗೆ ರಕ್ತನಾಳಗಳು ಕುಗ್ಗಿ ರಕ್ತದೊತ್ತಡ ಏರಿರುತ್ತದೆ. ತೋಳಿನ ಬಿರುಸಾದ ಕೆಲಸ ಅದನ್ನು ಇನ್ನೂ ಏರಿಸುತ್ತದೆ. ಭಾರ ಎತ್ತುವಾಗ ಉಸಿರು ಬಿಗಿಹಿಡಿಯುವುದರಿಂದ ಮತ್ತಷ್ಟು. ಅಮೆರಿಕದಲ್ಲಿ 1990ರಿಂದ 2006ರವರೆಗಿನ 17 ವರ್ಷಗಳ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನವೊಂದರಲ್ಲಿ, ಹಿಮ ಎತ್ತುವಾಗ ಸಂಭವಿಸಿದ ಸಾವುಗಳು 1,600ಕ್ಕೂ ಹೆಚ್ಚು. ಅವೆಲ್ಲವೂ ಹೃದಯಕ್ಕೆ ಸಂಬಂಧಿಸಿದವು. ಭಾರತೀಯರಿಗೆ ಹೃದಯದ ಕಾಯಿಲೆ ಇತರರಿಗಿಂತ ಚಿಕ್ಕ ವಯಸ್ಸಿನಲ್ಲೇ ಬರುತ್ತದೆಂಬುದು ತಿಳಿದ ವಿಷಯ. ವರ್ಷವಿಡೀ ಕಂಪ್ಯೂಟರ್ ಮುಂದೆ ಕೂತ ನಲವತ್ತೈದರ ಮಗ ಬೆಳ್ಳಂಬೆಳಿಗ್ಗೆ ಸಲಿಕೆ ಹಿಡಿದರೆ ಎಚ್ಚರಿಸಬೇಕಾದವರು ಮನೆಯವರೇ. ಸ್ವಲ್ಪ ಸ್ವಲ್ಪವಾಗಿ, ಎತ್ತದೆ ತಳ್ಳಿ, ನಡುನಡುವೆ ಒಳಗೆ ಬಂದು ಕೂತು ಮಾಡಲಿ. ದುಡ್ಡು ಕೊಟ್ಟು ಮಾಡಿಸಿದರೆ ಇನ್ನೂ ಒಳ್ಳೆಯದು. ಸ್ಟೆಂಟ್ ಹಾಕಿಸಿಕೊಂಡ ತಂದೆಯಂತೂ ‘ನಾನೂ ಒಂದು ಕೈ ಹಾಕುತ್ತೇನೆ’ ಎಂದು ಹೊರಡಲೇಬಾರದು. ಅಳಿಯನ ಮುಂದೆ ಗಟ್ಟಿಮುಟ್ಟು ಎನಿಸಿಕೊಳ್ಳಲು ಬೇರೆ ಸಂದರ್ಭಗಳಿವೆ.

ಹಾಗೆಯೇ ಫೋಟೊ ಹುಚ್ಚು. ಜೀವಮಾನದಲ್ಲಿ ಮೊದಲ ಸಲ ಹಿಮ ಕಂಡವರ ಸಂತೋಷಕ್ಕೆ ಕಲ್ಲು ಹಾಕುವುದು ನನ್ನ ಉದ್ದೇಶವಲ್ಲ. ಆದರೆ ಸೀರೆ, ಚಪ್ಪಲಿಯಲ್ಲೇ ಮೆಟ್ಟಿಲಿಳಿದು ವಿಡಿಯೊ ಕರೆಯಲ್ಲಿ ಊರಿಗೆ ಹಿಮ ತೋರಿಸುವವರು ಆ ಮೆಟ್ಟಿಲ ಮೇಲಿನ ಗಾಜಿನಂಥ ಮಂಜುಗಡ್ಡೆಯನ್ನು ಕಾಣುವುದಿಲ್ಲ. ಅರವತ್ತೈದರ ವಯಸ್ಸಿನಲ್ಲಿ ತೊಡೆಯ ಮೂಳೆ ಮುರಿದರೆ, ಅದೂ ಆ ದೇಶದ ಆಸ್ಪತ್ರೆಯ ಖರ್ಚಿನಲ್ಲಿ, ಏನಾಗುತ್ತದೆಂದು ವಿವರಿಸಬೇಕಿಲ್ಲ. ಗಾಳಿಯಿದ್ದರಂತೂ ಹೊರಗೆ ಬರಲೇಬೇಡಿ. ಬಿಸಿ ಕಾಫಿಯನ್ನು ಊದಿ ಆರಿಸುವಂತೆ, ಮೈಯ ಸುತ್ತಲಿನ ಬೆಚ್ಚನೆಯ ಪದರವನ್ನು ಗಾಳಿ ಹೊತ್ತೊಯ್ಯುತ್ತದೆ. ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಚಳಿಯಲ್ಲಿ ಗಂಟೆಗೆ 24 ಕಿ.ಮೀ. ವೇಗದ ಗಾಳಿ ಬೀಸಿದರೆ ಅರ್ಧ ಗಂಟೆಯಲ್ಲಿ ತೆರೆದ ಚರ್ಮ ಹೆಪ್ಪುಗಟ್ಟಬಹುದು.

ಹೊರಡಲೇಬೇಕಾಗಿ ಬಂದು ಕಾರು ಹಿಮದಲ್ಲಿ ಸಿಕ್ಕಿಕೊಂಡರೆ? ಇಳಿದು ನಡೆಯುವ ಯೋಚನೆ ಬೇಡ. ಹಿಮಗಾಳಿಯಲ್ಲಿ ಹತ್ತು ಹೆಜ್ಜೆ ಮುಂದಿನ ಮನೆಯೂ ಕಾಣುವುದಿಲ್ಲ. ದಿಕ್ಕು ತಪ್ಪಲು ಅಷ್ಟು ಸಾಕು. ಕಾರಿನಲ್ಲೇ ಇದ್ದು, ಕಣ್ಣಿಗೆ ಬೀಳುವ ಬಣ್ಣದ ಬಟ್ಟೆಯೊಂದನ್ನು ಹೊರಗೆ ಕಟ್ಟಿ, ಗಂಟೆಗೆ ಹತ್ತು ನಿಮಿಷ ಮಾತ್ರ ಎಂಜಿನ್ ಓಡಿಸಬೇಕು. ಅದಕ್ಕೂ ಮೊದಲು ಹಿಂದಿನ ಹೊಗೆ ಕೊಳವೆಗೆ ಹಿಮ ಮೆತ್ತಿದೆಯೇ ನೋಡಿ ತೆಗೆಯಬೇಕು, ಕಿಟಕಿಯನ್ನು ಕೂದಲೆಳೆಯಷ್ಟು ತೆರೆದಿಡಬೇಕು. ಇಲ್ಲವಾದರೆ ಮೇಲೆ ಹೇಳಿದ ಅನಿಲವೇ ಇಲ್ಲೂ ತುಂಬುತ್ತದೆ. ಕಂಬಳಿ, ಟಾರ್ಚು, ನೀರು, ಸಣ್ಣ ಸಲಿಕೆ, ಫೋನಿನ ಚಾರ್ಜರ್ ಚಳಿಗಾಲವಿಡೀ ಡಿಕ್ಕಿಯಲ್ಲಿರಲಿ. ಪೆಟ್ರೋಲ್ ಅರ್ಧ ಟ್ಯಾಂಕಿಗಿಂತ ಇಳಿಯದಿರಲಿ. ಬಾಯಾರಿದರೆ ಹಿಮ ತಿನ್ನಬಾರದು, ಅದನ್ನು ಕರಗಿಸಲು ದೇಹದ ಶಾಖವೇ ಖರ್ಚಾಗುತ್ತದೆ.

ಬಿರುಗಾಳಿ ಬರುತ್ತದೆಂದು ಅಲ್ಲಿನ ಹವಾಮಾನ ಇಲಾಖೆ ಎರಡು ಹಂತದಲ್ಲಿ ಹೇಳುತ್ತದೆ. ‘ವಾಚ್’ ಎಂದರೆ ಬರಬಹುದು, ಸಾಮಾನು ಕೂಡಿಸಿ. ‘ವಾರ್ನಿಂಗ್’ ಎಂದರೆ ಬಂದೇಬಿಟ್ಟಿತು, ಮನೆ ಸೇರಿ. ಎರಡನೆಯದು ಕೇಳಿದ ಮೇಲೆ ಅಂಗಡಿಗೆ ಓಡುವುದು ನಮ್ಮವರಷ್ಟೇ ಅಲ್ಲ, ಅಲ್ಲಿಯವರೂ ಮಾಡುವ ತಪ್ಪು. ಮೂರು ದಿನಕ್ಕೆ ಆಗುವಷ್ಟು ಕುಡಿಯುವ ನೀರು, ತಲೆಗೆ ದಿನಕ್ಕೆ ನಾಲ್ಕು ಲೀಟರಿನಂತೆ, ತುಂಬಿಡಬೇಕು. ನಲ್ಲಿಯ ಕೊಳವೆ ಹೆಪ್ಪುಗಟ್ಟಿ ಒಡೆಯುವುದು ಮಾಮೂಲು. ಊಟದ ವಿಷಯದಲ್ಲಿ ನಮ್ಮ ಅಡುಗೆಮನೆ ಅವರಿಗಿಂತ ಮೇಲು. ಅವಲಕ್ಕಿ, ಹುರಿಹಿಟ್ಟು, ಚಕ್ಕುಲಿ, ಕೋಡುಬಳೆ, ಕಡಲೆಪಪ್ಪು, ಬೆಲ್ಲ, ಮಜ್ಜಿಗೆಯಲ್ಲಿ ನೆನೆಸಿದ ಗಟ್ಟಿ ಅವಲಕ್ಕಿ: ಒಲೆ ಉರಿಯದಿದ್ದರೂ ಎರಡು ದಿನ ಕಳೆಯಬಹುದು. ಹೊರಡುವಾಗ ಚಟ್ನಿಪುಡಿ ಕಟ್ಟಿದ ತಾಯಿ ತಿಳಿಯದೆಯೇ ತುರ್ತು ಸಿದ್ಧತೆ ಮಾಡಿರುತ್ತಾರೆ!

ಔಷಧಿಯ ಲೆಕ್ಕ ಮಾತ್ರ ತಪ್ಪುತ್ತದೆ. ಹಿಂದಿರುಗುವ ದಿನಕ್ಕೆ ಸರಿಯಾಗಿ ಎಣಿಸಿ ಮಾತ್ರೆ ಒಯ್ಯುವವರೇ ಹೆಚ್ಚು. ವಿಮಾನಗಳು ರದ್ದಾದರೆ, ಔಷಧಿ ಅಂಗಡಿ ಮುಚ್ಚಿದರೆ? ಕನಿಷ್ಠ ಎರಡು ವಾರದ ಮಾತ್ರೆ ಹೆಚ್ಚಿಗೆ ಇರಬೇಕು, ಜೊತೆಗೆ ವೈದ್ಯರ ಚೀಟಿ. ಇನ್ಸುಲಿನ್ ಬಳಸುವವರು ಕರೆಂಟ್ ಹೋಯಿತೆಂದು ಬಾಟಲಿಯನ್ನು ಕಿಟಕಿಯ ಹೊರಗೆ ಹಿಮದಲ್ಲಿಡಬಾರದು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಕೆಲಸಕ್ಕೆ ಬಾರದು, ಚೆಲ್ಲಬೇಕಾಗುತ್ತದೆ. ತಣ್ಣಗಿರುವ ಕೋಣೆಯ ಕಪಾಟೇ ಅದಕ್ಕೆ ಸಾಕು. ಕರೆಂಟ್ ಹೋದ ಮನೆಯಲ್ಲಿ ಎಲ್ಲರೂ ಒಂದೇ ಕೋಣೆ ಸೇರಿ, ಬಾಗಿಲ ಸಂದಿಗೆ ಟವೆಲ್ ತುರುಕಿ, ಪದರ ಪದರವಾಗಿ ಬಟ್ಟೆ ತೊಡಿ. ಒಳಗೆ ಹತ್ತಿಯಿದ್ದು ಬೆವರಿ ಒದ್ದೆಯಾದರೆ ಬದಲಿಸಿ, ಉಣ್ಣೆ ಮೇಲಿರಲಿ. ಬಾಣಂತಿ-ಕೂಸು ಇರುವ ಮನೆಯಾದರೆ ಕತ್ತಲಾಗುವ ಮೊದಲೇ ಕರೆಂಟಿರುವ ಗೆಳೆಯರ ಮನೆಯನ್ನೋ, ಊರಾಡಳಿತ ತೆರೆದ ಬೆಚ್ಚನೆಯ ತಂಗುದಾಣವನ್ನೋ ಸೇರುವುದು ಸಂಕೋಚಪಡುವ ವಿಷಯವಲ್ಲ. ಆದರೆ ಗಾಳಿ ಜೋರಾಗುವ ಮುನ್ನ ಹೊರಡಬೇಕು.

ಕಡೆಯ ಮಾತು ಇಲ್ಲಿ, ಕರ್ನಾಟಕದಲ್ಲಿ, ಟಿ.ವಿ. ನೋಡುತ್ತಾ ಕುಳಿತವರಿಗೆ. ಬಿರುಗಾಳಿಯ ಸುದ್ದಿ ಬಂದ ಕೂಡಲೇ ಅಣ್ಣ, ಅತ್ತಿಗೆ, ಚಿಕ್ಕಮ್ಮ, ಸೋದರಮಾವ ಎಲ್ಲರೂ ಸರದಿಯ ಮೇಲೆ ಕರೆ ಮಾಡುತ್ತೀರಿ. ಅಲ್ಲಿ ಚಾರ್ಜ್ ಮಾಡಲು ಕರೆಂಟಿಲ್ಲ, ಫೋನಿನಲ್ಲಿ ಉಳಿದಿರುವ ಶಕ್ತಿ 911ಕ್ಕೆ ಬೇಕು. ಮನೆಯಲ್ಲಿ ಒಬ್ಬರನ್ನು ಗೊತ್ತುಮಾಡಿ. ದಿನಕ್ಕೆ ಎರಡು ಬಾರಿ, ನಿಗದಿಯಾದ ಹೊತ್ತಿಗೆ, ‘ಎಲ್ಲರೂ ಬೆಚ್ಚಗಿದ್ದೇವೆ’ ಎಂಬ ಒಂದು ಸಾಲಿನ ಸಂದೇಶ ಆ ಒಬ್ಬರಿಗೆ ಬರಲಿ. ಉಳಿದವರು ಅವರನ್ನು ಕೇಳಿ ತಿಳಿಯಲಿ. ಗೊತ್ತಾದ ಹೊತ್ತಿಗೆ ಸಂದೇಶ ಬರದಿದ್ದರೆ ಕರೆ ಮಾಡಬೇಕಾದ ನೆರೆಮನೆಯವರ ಸಂಖ್ಯೆಯನ್ನು ವಿಮಾನ ಹತ್ತುವ ಮೊದಲೇ ಬರೆದಿಟ್ಟುಕೊಂಡಿರಿ.